ಲಾಡು ಹಂಚುವ ಕಡೆ ಒಂದು ಮೇಜು ಹಾಕಿದೆ

ಬೆಂಗಳೂರಿನ ನಮ್ಮ ಲೇಔಟ್‌ನಲ್ಲಿ ಜನವರಿ 26 ಅಂದರೆ ಅರ್ಧ ಗಂಟೆಯ ಹಬ್ಬ. ಬಾವುಟ ಹಾರುತ್ತದೆ, ಜನಗಣಮನ ಆಗುತ್ತದೆ. ಹಿರಿಯರೊಬ್ಬರು ಆಗಸ್ಟ್ 15ರ ಭಾಷಣವನ್ನೇ ಮತ್ತೊಮ್ಮೆ ಮಾಡುತ್ತಾರೆ. ಲಾಡು, ಫೋಟೋ, ಮುಗಿಯಿತು. ರಜೆ ಶನಿವಾರ, ಭಾನುವಾರಕ್ಕೆ ಅಂಟಿಕೊಂಡು ಬಂದರಂತೂ ಅರ್ಧ ಲೇಔಟ್ ಚಿಕ್ಕಮಗಳೂರಿನ ದಾರಿಯಲ್ಲಿರುತ್ತದೆ.

ಇದನ್ನು ಗೇಲಿ ಮಾಡುವುದು ಸುಲಭ. ಆದರೆ ಸಂಘದ ಮೀಟಿಂಗ್‌ಗೆ ಕರೆದರೆ ಕೋರಂ ಕೂಡ ಆಗುವುದಿಲ್ಲ. ಇಷ್ಟು ಜನ ಮನೆಯಿಂದ ಹೊರಗೆ ಬಂದು ನಿಲ್ಲುವುದೇ ಇಂಥ ದಿನ. 2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರರಲ್ಲೂ ಮತದಾನ ಶೇ 55 ದಾಟಲಿಲ್ಲ. ಅದಕ್ಕೇ ಲಾಡು ಹಂಚುವ ಜಾಗದಲ್ಲಿ ನಾನೂ ಒಂದು ಮೇಜು ಹಾಕಿಕೊಂಡು ಕೂತೆ. ಮುಂದೆ ಒಂದು ಬೋರ್ಡು: 'ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ?'

ಮೈಕ್ ಕೊಟ್ಟಾಗ ಭಾಷಣ ಮಾಡಲಿಲ್ಲ. ಚುನಾವಣಾ ಆಯೋಗ ಶುರುವಾಗಿದ್ದು 1950ರ ಜನವರಿ 25ಕ್ಕೆ, ಗಣರಾಜ್ಯಕ್ಕಿಂತ ಒಂದು ದಿನ ಮೊದಲು ಅಂತ ಹೇಳಿ, ಮೇಜಿನ ಕಡೆ ಕೈ ತೋರಿಸಿದೆ.

"ಒಂದು ವೋಟಿಂದ ಏನಾಗುತ್ತೆ ಸಾರ್" ಅಂದವರೂ ಇದ್ದರು. ವಾದಕ್ಕೆ ಇಳಿಯಲಿಲ್ಲ. ಅವರು ಗೆದ್ದರೂ ಸೋತರೂ ಫಾರಂ ತುಂಬುವುದಿಲ್ಲ, ಅಲ್ವಾ? ನಿಜವಾದ ಗಂಟು ಬೇರೆಯೇ ಇತ್ತು. ತುಂಬಾ ಜನರ ಹೆಸರು ಇನ್ನೂ ಹಾಸನ, ದಾವಣಗೆರೆ, ಶಿವಮೊಗ್ಗದಲ್ಲೇ ಇತ್ತು. "ಊರಲ್ಲೇ ಇರಲಿ ಬಿಡಿ, ಅಪ್ಪನ ಮನೆ ವಿಳಾಸ ಅದು" ಅಂದರು ಒಬ್ಬ ಅಕ್ಕ. ಕೊನೆಯ ಸಲ ಯಾವಾಗ ಹೋಗಿ ವೋಟು ಹಾಕಿದಿರಿ ಅಂತ ಕೇಳಿದೆ. ನಕ್ಕು ಸುಮ್ಮನಾದರು. ಆಮೇಲೆ ಅವರೇ ಫೋನ್ ತೆಗೆದರು. ಪ್ರತಿ ಸಲ ಬಸ್ಸು ಹತ್ತಿ ಹೋಗಿ ಹಾಕಿ ಬರುವವರನ್ನು ಮಾತ್ರ ನಾನು ಬದಲಾಯಿಸಿ ಅನ್ನಲಿಲ್ಲ. ಅವರದು ಅಸಡ್ಡೆಯಲ್ಲ.

ಮನೆ ಬದಲಾದವರಿಗೆ ಫಾರಂ 8, ಹೊಸಬರಿಗೆ ಫಾರಂ 6. ಯಾರ ಆಧಾರ್ ಜೆರಾಕ್ಸನ್ನೂ ನಾನು ಇಟ್ಟುಕೊಳ್ಳಲಿಲ್ಲ. ಅವರ ಫೋನು, ಅವರ ಒಟಿಪಿ, ಅವರೇ ತುಂಬಬೇಕು. ಒಟಿಪಿ ಕೇಳಿದರೆ ಈಗ ಯಾರಾದರೂ ಅನುಮಾನಪಡುತ್ತಾರೆ, ಪಡಲೂಬೇಕು.

ಬೇಗ ಮುಗಿಸಿದವರು 17 ದಾಟಿದ ಹುಡುಗರು. ಮುಂಚಿತವಾಗಿ ಅರ್ಜಿ ಹಾಕಬಹುದು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳಲ್ಲಿ ಯಾವುದಕ್ಕೆ 18 ತುಂಬಿರುತ್ತದೋ ಆಗ ಹೆಸರು ಸೇರಿಸಲು ಪರಿಗಣಿಸುತ್ತಾರೆ. ತಮ್ಮದು ಮುಗಿಸಿ ಅಮ್ಮಂದಿರ ಫಾರಂಗೂ ಇವರೇ ಕೂತರು.

ಆಮೇಲಿನ ಕೆಲಸವೇ ಜಾಸ್ತಿ. ಪರಿಶೀಲನೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಮನೆಗೆ ಬೀಗ, ಗೊತ್ತಿಲ್ಲದ ನಂಬರ್ ಅಂತ ಫೋನೂ ಎತ್ತುವುದಿಲ್ಲ. ಹಾಗಾಗಿ ಲೇಔಟ್‌ನ ವಾಟ್ಸಾಪ್ ಗುಂಪಿನಲ್ಲಿ ಬಿಎಲ್‌ಒ ನಂಬರ್ ಹಾಕಿ, ಸೇವ್ ಮಾಡಿಕೊಳ್ಳಿ ಅಂತ ಆಗಾಗ ಕಾಟ ಕೊಟ್ಟೆ. ಕೆಲವರು ಗುಂಪನ್ನೇ ಮ್ಯೂಟ್ ಮಾಡಿದರು. ಅವರ ಮನೆಗಳಿಗೆ ಬಿಎಲ್‌ಒ ಜೊತೆ ನಾನೇ ಹೋಗಿ ಬೆಲ್ ಒತ್ತಿದೆ.