ಲಕ್ವಾ ಹೊಡದ ಕೈಗಿ ಮನ್ಯಾಗೇ ಕನ್ನಡಿ ಟ್ರೇನಿಂಗ್

ನಮ್ಮ ಕಲಬುರಗಿ ಕಡಿ ಯಾರಿಗರೆ ಲಕ್ವಾ ಹೊಡೀತಂದ್ರ ಎಲ್ಲರೂ ಮೊದಲು ಕೇಳಾದು ಯಾವ ಎಣ್ಣಿ ತಿಕ್ಕಬೇಕ್ರಿ ಅಂತ. ತಿಕ್ರಿ, ಬ್ಯಾಡನ್ನಲ್ಲ, ಆದ್ರ ಅದರಿಂದ ಬೆರಳು ಏಳಲ್ಲ, ಯಾಕಂದ್ರ ಪೆಟ್ಟು ಬಿದ್ದದ್ದು ಮಿದುಳಿಗಿ, ಉಳಿದ ಮಿದುಳು ಆ ಕೆಲಸ ಹೊಸದಾಗಿ ಕಲೀಬೇಕು, ಅದಕ್ಕ ಪೇಷಂಟ್ ತಾನೇ ಜೋರು ಹಾಕಿ ಮತ್ತ ಮತ್ತ ಮಾಡಬೇಕು.

ಆಳಂದ, ಚಿತ್ತಾಪುರದಿಂದ ದಿನಾ ಬಸ್ ಹಿಡಿದು ಥೆರಪಿಗಿ ಬರಾದು ಎಲ್ಲರಿಗೂ ಆಗಲ್ಲ. ಅವರಿಗಿ ಕನ್ನಡಿ ಚಲೋ, ಅದರಾಗ ಚಲೋ ಕೈ ಆಡಾದು ನೋಡಿ ಮಿದುಳಿಗಿ ಸೋತ ಕೈಯೇ ಆಡ್ದಂಗ ಅನಸ್ತದ. ರಾಮಚಂದ್ರನ್ ಅನ್ನೋ ವಿಜ್ಞಾನಿ ಇದನ್ನ ಮೊದಲು ಕೈ ಕಳಕೊಂಡವರ ನೋವಿಗಿ ಬಳಸಿದ್ರು, 1999ರಾಗ ಲಕ್ವಾದವರ ಮ್ಯಾಲೂ ಟ್ರೈ ಮಾಡಿದ್ರು. ಮೊದಲು ಫಿಸಿಯೋದವರಿಗಿ ಒಮ್ಮೆ ತೋರಿಸಿ ಕೇಳ್ರಿ.

ಒಂದೂವರೆ ಫೂಟಿನ ಕನ್ನಡಿ ಸಾಕು. ಪೇಷಂಟ್‌ನ್ನ ಟೇಬಲ್ ಮುಂದ ಕೂಡಿಸಿ ಎದಿ ನಡುಮಧ್ಯಕ್ಕ ಅದನ್ನ ಉದ್ದಕ ನಿಲ್ಸ್ರಿ, ಮಾರಿ ಕಾಣಾ ಮಗ್ಗಲು ಚಲೋ ಕೈ ಕಡಿ ಇರ್ಲಿ, ಸೋತ ಕೈ ಹಿಂದ ಹೋಗ್ಲಿ. ಉಂಗುರ, ಬಳಿ, ವಾಚು ತೆಗೀರಿ, ಇಲ್ಲಂದ್ರ ಕನ್ನಡ್ಯಾಗಿಂದು ತನ್ನ ಸೋತ ಕೈ ಅಂತ ಮಿದುಳು ನಂಬಲ್ಲ. ಈಗ ಚಲೋ ಕೈ ಮೆಲ್ಲಕ ಮುಷ್ಟಿ ಮಾಡಿ ಬಿಡ್ಲಿ, ಅಂಗೈ ಮ್ಯಾಲ ಕೆಳಗ ತಿರುವ್ಲಿ, ಬೆರಳು ಒಂದೊಂದೇ ಎತ್ಲಿ, ಕಣ್ಣು ಮಾತ್ರ ಕನ್ನಡಿ ಬಿಡಬಾರದು, ಹಿಂದಿನ ಕೈಲೂ ಅದನ್ನೇ ಮಾಡಲಿಕ್ಕ ನೋಡಬೇಕು, ಅಲ್ಲಾಡ್ಲಿ ಬಿಡ್ಲಿ. ದಿನಾ ಅರ್ಧ ತಾಸು, ವಾರಕ್ಕ 5 ದಿನ, ಕಡಿಮಿ ಅಂದ್ರೂ 4 ವಾರ. ದಣಿವಾದ್ರ ಹತ್ತತ್ತು ನಿಮಿಷ ಮೂರು ಸಲ ಮಾಡ್ರಿ. ತಲಿ ತಿರುಗಿದ್ರ ಬಿಡ್ರಿ. ಟಿವಿ ಬಂದ್, ಮಾತಾಡ್ಸಲಾಕ ಬಂದ ಬೀಗರು ಪಡಸಾಲ್ಯಾಗ ಕುಂದರ್ಲಿ!

ಬೆರಳು ಸ್ವಲ್ಪ ಆಡಲಾಕ ಹತ್ತಿತಂದ್ರ ಖರೇ ಕೆಲಸ ಕೊಡ್ರಿ. ಸ್ಟೀಲ್ ಗ್ಲಾಸ್ ಹಿಡಿಯಾದು, ಮೊರದಾಗಿನ ತೊಗರಿ ಕಾಳು ಒಂದೊಂದೇ ಹೆಕ್ಕಿ ವಾಟಿಗಿ ಹಾಕಾದು. ಎಣಸ್ರಿ, ಇದು ಮುಖ್ಯ. 2009ರ ಒಂದು ಸ್ಟಡ್ಯಾಗ ಅಮೇರಿಕಾ, ಕೆನಡಾದಾಗ ಲಕ್ವಾದವರ ಥೆರಪಿ ನಡೆಯೋವಾಗ ಸಂಶೋಧಕರು ಕೂತು ಎಣಿಸಿದ್ರ ಒಂದು ದಿನದ ಥೆರಪ್ಯಾಗ ಸೋತ ಕೈಯಿಂದ ಕೆಲಸ ಮಾಡ್ಸಿದ್ದು ಸರಾಸರಿ 32 ಸಲ ಅಷ್ಟೇ, ಪ್ರಾಣಿಗಳ ಮ್ಯಾಲಿನ ಪ್ರಯೋಗದಾಗ ನೂರಾರು ಸಲ ಮಾಡಸ್ತಾರ. ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ದವಾಖಾನಿ ಕೂಡಿ ಮಾಡಿದ ಪ್ಲೂಟೋ ಅನ್ನೋ ಕೈ ರೋಬೋಟ್‌ನ ಉದ್ದೇಶನೂ ಇದೇ, ಆಟ ಆಡಿಸ್ಕೋತ ಬ್ಯಾಸರಿಲ್ಲದಂಗ ಕೈಗಿ ಸಾಕಷ್ಟು ಕೆಲಸ ಕೊಡಾದು.

ಒಂದು ಮಾತ್ರ ಮಾಡಬ್ಯಾಡ್ರಿ, ಎಬ್ಬಿಸೋವಾಗ ಸೋತ ಕೈ ಹಿಡಿದು ಜಗ್ಗಬ್ಯಾಡ್ರಿ. ಹೆಗಲಿನ ಕೀಲು ಜಾರ್ತದ, ಆಮ್ಯಾಲ ನೋವಿಗಿ ಅವರು ಕೈ ಮುಟ್ಟಸ್ಕೊಳ್ಳಲ್ಲ. ನಡಕ್ಕ ಬೆಲ್ಟ್ ಕಟ್ಟಿ ಅದನ್ನ ಹಿಡಿದು ಎಬ್ಬಸ್ರಿ, ಮಲಗಿದಾಗ ಆ ಕೈ ಕೆಳಗ ಒಂದು ದಿಂಬು ಇಡ್ರಿ.