ತೀರ್ಮಾನವಾಗದ ಸಂಗತಿಗಳು ಮತ್ತು ನನ್ನ ಮನಶ್ಶಾಂತಿ

ಮನಶ್ಶಾಂತಿಗೂ ಬಿಡುವಿಗೂ ಜನ ಕಲ್ಪಿಸಿಕೊಳ್ಳುವಷ್ಟು ನಂಟಿಲ್ಲ ಎಂಬುದು ನನ್ನ ಅನುಭವ. ರಜೆಯ ದಿನ ಕಾಲು ಚಾಚಿ ಕೂತಿದ್ದರೂ ತಲೆಯೊಳಗೆ ಸಂತೆ ನೆರೆದಿರುತ್ತದೆ. ಬೆಳಗಿನಿಂದ ಕತ್ತಲಾಗುವವರೆಗೆ ದುಡಿದ ದಿನ ಮನಸ್ಸು ನಿರಾಳವಾಗಿರುವುದೂ ಉಂಟು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆಂದು ನನ್ನ ದಿನಚರಿಯನ್ನೇ ಮುಂದಿಟ್ಟುಕೊಂಡು ಗಮನಿಸತೊಡಗಿದಾಗ, ಮಾಡುತ್ತಿದ್ದ ಕೆಲಸಗಳಿಗಿಂತ ಹೆಚ್ಚಾಗಿ ನನ್ನನ್ನು ದಣಿಸುತ್ತಿದ್ದವು ಮಾಡುವುದೋ ಬಿಡುವುದೋ, ಮಾಡುವುದಾದರೆ ಯಾವಾಗ ಎಂದು ತೀರ್ಮಾನಿಸದೆ ಉಳಿಸಿಕೊಂಡಿದ್ದ ಸಂಗತಿಗಳು ಎಂಬುದು ಕಂಡುಬಂತು. ಉತ್ತರಿಸಬೇಕಾದ ಒಂದು ಪತ್ರ, ವೈದ್ಯರಿಗೆ ತೋರಿಸಬೇಕಾದ ಒಂದು ಹಲ್ಲು, ಒಲ್ಲೆ ಎನ್ನಲಾಗದೆ ಅರೆಮನಸ್ಸಿನಿಂದ ಒಪ್ಪಿಕೊಂಡ ಒಂದು ಹೊಣೆ, ಇವುಗಳಲ್ಲಿ ಯಾವುದೂ ದೊಡ್ಡದಲ್ಲ. ಆದರೆ ಸ್ನಾನ ಮಾಡುವಾಗ, ಊಟಕ್ಕೆ ಕೂತಾಗ, ದಿಂಬಿಗೆ ತಲೆಯಿಟ್ಟಾಗ ಇವು ಒಂದರ ಹಿಂದೆ ಒಂದರಂತೆ ಕರೆಯದೆಯೇ ಬಂದು ನಿಲ್ಲುತ್ತಿದ್ದವು. ಮುಂದೆ ಹೇಳುವ ಬದಲಾವಣೆಗಳೆಲ್ಲ ಇವುಗಳಿಗೊಂದು ಜಾಗವನ್ನೂ ಒಂದು ಹೊತ್ತನ್ನೂ ಗೊತ್ತುಮಾಡಲು ನಾನು ಮಾಡಿಕೊಂಡವು.

ಮನಸ್ಸು ಹೀಗೇಕೆ ವರ್ತಿಸುತ್ತದೆ ಎಂಬ ಕುತೂಹಲದಿಂದ ಓದುತ್ತಾ ಹೋದಾಗ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿಯ ಹೆಸರು ಸಿಕ್ಕಿತು. ಬರ್ಲಿನ್‌ನಲ್ಲಿ ನಡೆಸಿದ ಪ್ರಯೋಗಗಳನ್ನು ಆಕೆ 1927ರಲ್ಲಿ ಪ್ರಕಟಿಸಿದರು. ಪೂರ್ತಿಯಾದ ಕೆಲಸಗಳಿಗಿಂತ ನಡುವೆ ತಡೆದು ನಿಲ್ಲಿಸಿದ ಕೆಲಸಗಳೇ ಜನರ ನೆನಪಿನಲ್ಲಿ ಹೆಚ್ಚು ಉಳಿಯುತ್ತವೆ ಎಂಬುದು ಅವರ ವಾದ. ನಂತರ ಅದೇ ಪ್ರಯೋಗವನ್ನು ಮಾಡಿ ನೋಡಿದವರೆಲ್ಲರಿಗೂ ಅದೇ ಫಲಿತಾಂಶ ದೊರೆಯಲಿಲ್ಲವಾದ್ದರಿಂದ ಅದನ್ನು ಕಲ್ಲಿನ ಮೇಲಿನ ಗೆರೆಯೆಂದು ನಾನು ಹೇಳಲಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಪ್ರಕಟಿಸಿದ ಅಧ್ಯಯನ. ಮುಗಿಯದ ಕೆಲಸವೊಂದು ಬೇರೆ ಕೆಲಸದ ನಡುವೆ ತಲೆಹಾಕಿ ಕಾಡುವುದನ್ನು ತಪ್ಪಿಸಲು ಅದನ್ನು ಮುಗಿಸಲೇಬೇಕೆಂದಿಲ್ಲ, ಹೇಗೆ ಮತ್ತು ಯಾವಾಗ ಮಾಡುವುದೆಂಬ ಖಚಿತ ಯೋಜನೆ ಹಾಕಿಕೊಂಡರೂ ಸಾಕು ಎಂದು ಅವರು ತೋರಿಸಿದರು. ಇದು ನನಗೆ ದೊಡ್ಡ ಸಮಾಧಾನ ಕೊಟ್ಟ ಸಂಗತಿ. ಬದುಕಿನಲ್ಲಿ ಎಲ್ಲ ಕೆಲಸಗಳೂ ಮುಗಿದುಹೋಗುವ ದಿನ ಯಾರಿಗೂ ಬರುವುದಿಲ್ಲ. ಎಲ್ಲದಕ್ಕೂ ಒಂದು ಗೊತ್ತು ಮಾಡಿಟ್ಟು ಮಲಗುವುದಾದರೆ ಪ್ರತಿದಿನವೂ ಸಾಧ್ಯ.

ಆ ಕೆಲಸಕ್ಕೆಂದೇ ಅಂಗೈಯಗಲದ ಒಂದು ಪುಸ್ತಕ ಇಟ್ಟುಕೊಂಡೆ. ಪಟ್ಟಿ ಬರೆಯುವ ರೂಢಿ ಅನೇಕರಿಗೆ ಇರುತ್ತದೆ, ನನಗೂ ಇತ್ತು. ಆದರೆ ‘ವಿಮೆ’ ಎಂದಷ್ಟೇ ಬರೆದಿಟ್ಟರೆ ಕಣ್ಣು ಆ ಪದದ ಮೇಲೆ ಬಿದ್ದಾಗಲೆಲ್ಲ ಮನಸ್ಸು ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ: ವಿಮೆಯ ಬಗ್ಗೆ ಏನು ಮಾಡಬೇಕಿತ್ತು, ಕಾಗದ ಎಲ್ಲಿದೆ, ಯಾರನ್ನು ಕೇಳಬೇಕು? ಅದೇ ಸಾಲನ್ನು ‘ಗುರುವಾರ ಮಧ್ಯಾಹ್ನ ಊಟವಾದ ಮೇಲೆ, ಕಪಾಟಿನ ಮೇಲಿನ ಕಡತದಿಂದ ಹಳೆಯ ರಸೀದಿ ತೆಗೆದು, ಕೊನೆಯ ದಿನಾಂಕ ನೋಡಿಕೊಳ್ಳುವುದು’ ಎಂದು ಬರೆದಾಗ ಅದು ಮತ್ತೆ ತಲೆಗೆ ಬರುವುದಿಲ್ಲ, ಬಂದರೂ ‘ಗುರುವಾರ’ ಎಂದರೆ ಸುಮ್ಮನಾಗುತ್ತದೆ. ಆದ್ದರಿಂದ ನನ್ನ ಪುಸ್ತಕದ ಸಾಲುಗಳೆಲ್ಲ ಕ್ರಿಯಾಪದದಿಂದ ಕೊನೆಗೊಳ್ಳುತ್ತವೆ. ಪ್ರತಿ ಸಾಲಿನ ಎಡಕ್ಕೆ ಒಂದು ದಿನವೋ ಹೊತ್ತೋ ಇರುತ್ತದೆ. ಕೆಲಸವನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಆಗಲೇ ರೂಢಿಯಲ್ಲಿರುವ ಇನ್ನೊಂದು ಕೆಲಸಕ್ಕೆ ಜೋಡಿಸುವುದು ನನಗೆ ಒಗ್ಗಿತು: ಊಟವಾದ ಮೇಲೆ, ಸ್ನಾನಕ್ಕೆ ಮೊದಲು, ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟ ತಕ್ಷಣ. ‘ಇಂಥದ್ದಾದಾಗ ಇಂಥದ್ದು ಮಾಡುತ್ತೇನೆ’ ಎಂಬ ಈ ಬಗೆಯ ಸಂಕಲ್ಪವು ಬರಿಯ ಇಚ್ಛೆಗಿಂತ ಹೆಚ್ಚು ಕೈಗೂಡುತ್ತದೆಂದು ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 1990ರ ದಶಕದಿಂದಲೇ ಹೇಳುತ್ತ ಬಂದಿದ್ದಾರೆ.

ಈ ಪುಸ್ತಕವನ್ನು ನಾನು ತೆರೆಯುವುದು ರಾತ್ರಿ ಮಲಗುವುದಕ್ಕೆ ಸ್ವಲ್ಪ ಮೊದಲು. ಬೆಳಿಗ್ಗೆ ಎದ್ದು ಬರೆಯುವುದೇ ಒಳ್ಳೆಯದೆಂದು ಹಲವರು ಹೇಳುತ್ತಾರೆ; ನನ್ನ ಮಟ್ಟಿಗೆ ಅಷ್ಟು ಹೊತ್ತಿಗಾಗಲೇ ಒಂದು ರಾತ್ರಿಯ ನಿದ್ದೆ ಕೆಟ್ಟಿರುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೈಕೇಲ್ ಸ್ಕಲಿನ್ ಮತ್ತು ಸಂಗಡಿಗರು, ಮಲಗುವ ಮುನ್ನ 5 ನಿಮಿಷ ಕೂತು ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆದ ಯುವಜನರನ್ನೂ, ಅಷ್ಟೇ ಹೊತ್ತು ಆಗಲೇ ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರನ್ನೂ ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದರು. ಮಾಡಬೇಕಾದ್ದನ್ನು ಬರೆದವರಿಗೆ ನಿದ್ದೆ ಬೇಗ ಹತ್ತಿತು. ಅವರಲ್ಲಿಯೂ ಹೆಚ್ಚು ವಿವರವಾಗಿ ಬರೆದವರಿಗೆ ಇನ್ನೂ ಬೇಗ. ನಾಳೆಯ ಕೆಲಸ ನೆನೆದರೆ ನಿದ್ದೆ ಹಾರಿಹೋಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಗೆ ಇದು ವಿರುದ್ಧವಾಗಿ ಕಾಣುತ್ತದೆ. ಆದರೆ ನೆನೆಯುವುದೇ ಬೇರೆ, ಬರೆದಿಟ್ಟು ಪುಸ್ತಕ ಮುಚ್ಚುವುದೇ ಬೇರೆ.

ಕೆಲಸಗಳಿಗೆ ಹೀಗೆ ಒಂದು ದಾರಿಯಾಯಿತು. ಚಿಂತೆಗಳ ಮಾತು ಅಷ್ಟು ಸುಲಭವಲ್ಲ, ಏಕೆಂದರೆ ಅವುಗಳಲ್ಲಿ ಬಹುಪಾಲಿಗೆ ನಾವು ಮಾಡಬಹುದಾದ ಕೆಲಸವೇ ಇರುವುದಿಲ್ಲ. ತಂದೆಯ ಪರೀಕ್ಷೆಯ ವರದಿ ಬರುವವರೆಗೆ ಕಾಯಬೇಕು. ಮಗಳ ಪ್ರವೇಶದ ಪಟ್ಟಿ ಪ್ರಕಟವಾಗುವವರೆಗೆ ಕಾಯಬೇಕು. ಮೇಲಿನವರು ಆಡಿದ ಒಂದು ಮಾತಿನ ಅರ್ಥ ಏನೆಂಬುದು ಬಹುಶಃ ಎಂದಿಗೂ ತಿಳಿಯುವುದಿಲ್ಲ. ‘ಚಿಂತೆ ಮಾಡಬೇಡ’ ಎಂಬ ಉಪದೇಶದಷ್ಟು ನಿರುಪಯುಕ್ತವಾದದ್ದು ಇನ್ನೊಂದಿಲ್ಲ. ಬೇಡವೆಂದಷ್ಟೂ ಅದು ಬಲಿಯುತ್ತದೆ. ನನಗೆ ಫಲ ಕೊಟ್ಟದ್ದು ಚಿಂತೆಯನ್ನು ನಿಲ್ಲಿಸದೆ ಮುಂದೂಡುವ ಉಪಾಯ. ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿಯೇ ಇದನ್ನು ಪರೀಕ್ಷಿಸಿದ್ದರು: ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಕೂತು ಚಿಂತಿಸುವುದು, ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಆ ಅರ್ಧ ಗಂಟೆಗೆ ಕಾದಿರಿಸಿ, ಕೈಯಲ್ಲಿರುವ ಕೆಲಸಕ್ಕೆ ಮರಳುವುದು.

ನಾನು ಅದಕ್ಕೆ ಸಂಜೆಯ ಹೊತ್ತನ್ನೂ ಕಿಟಕಿಯ ಬಳಿಯ ಒಂದು ಗಟ್ಟಿ ಕುರ್ಚಿಯನ್ನೂ ಆರಿಸಿಕೊಂಡೆ. ಮೆತ್ತನೆಯ ಆಸನ ಬೇಡವೆಂದದ್ದು ಬೇಕೆಂದೇ. ಅಲ್ಲಿ ಹೆಚ್ಚು ಹೊತ್ತು ಕೂರುವ ಆಸೆ ಹುಟ್ಟಬಾರದು. ಹಾಸಿಗೆಯಂತೂ ಈ ಕೆಲಸಕ್ಕೆ ಸಲ್ಲದು, ಏಕೆಂದರೆ ಮಲಗಿ ಚಿಂತಿಸುವ ರೂಢಿ ಬಿದ್ದವರಿಗೆ ಹಾಸಿಗೆ ಕಂಡ ಕೂಡಲೇ ಚಿಂತೆ ಶುರುವಾಗುತ್ತದೆ. ಹಗಲಿನಲ್ಲಿ ಕಾಡಿದ್ದನ್ನು ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಒಂದೆರಡು ಪದಗಳಲ್ಲಿ ಗುರುತು ಹಾಕಿಕೊಂಡು, ಸಂಜೆ ಕುರ್ಚಿಯಲ್ಲಿ ಕೂತು ಒಂದೊಂದನ್ನೇ ಓದುತ್ತೇನೆ. ಬೆಳಿಗ್ಗೆ ಎದೆ ಹಿಂಡಿದ ಎಷ್ಟೋ ಸಂಗತಿಗಳು ಆ ಹೊತ್ತಿಗೆ ಸತ್ವ ಕಳೆದುಕೊಂಡಿರುತ್ತವೆ. ಕೆಲವನ್ನು ಓದಿದರೆ ಯಾತಕ್ಕಾಗಿ ಬರೆದೆನೆಂಬುದೇ ನೆನಪಾಗುವುದಿಲ್ಲ. ನಿಜವಾಗಿ ಭಾರವಿರುವವು ಉಳಿದೇ ಉಳಿಯುತ್ತವೆ. ಅವುಗಳಲ್ಲಿ ಏನಾದರೂ ಮಾಡಲು ಸಾಧ್ಯವಿರುವುದನ್ನು ದಿನ ಗೊತ್ತುಮಾಡಿ ಮುಂದಿನ ಪುಟಕ್ಕೆ ಸೇರಿಸುತ್ತೇನೆ. ಸಾಧ್ಯವಿಲ್ಲದ್ದನ್ನು ಮರುದಿನದ ಸಂಜೆಗೆ ಬಿಡುತ್ತೇನೆ. ತಂದೆಯ ವರದಿಗಾಗಿ ಕಾದ ದಿನಗಳಲ್ಲಿ ಭಯವೇನೂ ಇಲ್ಲವಾಗಲಿಲ್ಲ, ಆದರೆ ಅವರ ಪಕ್ಕದಲ್ಲಿ ಕೂತು ಮಾತಾಡುವಾಗ ನಾನು ಅವರ ಮಾತನ್ನೇ ಕೇಳುತ್ತಿದ್ದೆ.

ಇನ್ನು ಮೊಬೈಲ್. ಒಂದು ವಾರ ಪೂರ್ತಿ ಮುಚ್ಚಿಡುವವರನ್ನೂ ಅದರ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವವರನ್ನೂ ನಾನು ಬಲ್ಲೆ. ಮನೆ, ಕಚೇರಿ, ವಯಸ್ಸಾದ ಹೆತ್ತವರು ಇರುವವರಿಗೆ ಅದು ಆಗುವ ಮಾತಲ್ಲ. ಹಾಗೆ ಮುಚ್ಚಿಡುವುದರಿಂದ ನೆಮ್ಮದಿ ಸಿಗುತ್ತದೆಂಬ ಖಾತರಿಯೂ ಇಲ್ಲ. 2019ರ ಒಂದು ಅಧ್ಯಯನದಲ್ಲಿ ಮೊಬೈಲ್‌ಗೆ ಬರುವ ಸೂಚನೆಗಳು (ನೋಟಿಫಿಕೇಶನ್‌ಗಳು) ದಿನಕ್ಕೆ 3 ಸಲ ಮಾತ್ರ ಒಟ್ಟಾಗಿ ತಲುಪುವಂತೆ ಮಾಡಿಕೊಂಡವರಿಗೆ ಏಕಾಗ್ರತೆಯೂ ಮನಃಸ್ಥಿತಿಯೂ ಸುಧಾರಿಸಿದವು. ಸೂಚನೆಗಳನ್ನು ಪೂರ್ತಿಯಾಗಿ ನಿಲ್ಲಿಸಿದವರಿಗೆ ಆತಂಕ ಹೆಚ್ಚಿತು. ಇದರ ಕಾರಣ ಊಹಿಸಲು ಕಷ್ಟವಿಲ್ಲ. ಏನೋ ಬಂದಿರಬಹುದೆಂಬ ಅನುಮಾನವೂ ಒಂದು ತೀರ್ಮಾನವಾಗದ ಸಂಗತಿಯೇ. ಆದ್ದರಿಂದ ನಾನು ಕರೆಗಳನ್ನು ಹಾಗೆಯೇ ಬಿಟ್ಟು, ಸಂದೇಶಗಳ ಸದ್ದನ್ನು ಮಾತ್ರ ನಿಲ್ಲಿಸಿ, ಅವುಗಳನ್ನು ನೋಡಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಹೊತ್ತು ಇಟ್ಟುಕೊಂಡೆ. ಹೀಗೆ ಮಾಡುವವರು ತಮ್ಮ ಹತ್ತಿರದವರಿಗೆ ಮೊದಲೇ ಹೇಳಿಡುವುದು ಅಗತ್ಯ. ನನ್ನ ಅಕ್ಕ ಮೊದಮೊದಲು ‘ಏನೋ, ಅಷ್ಟು ದೊಡ್ಡ ಮನುಷ್ಯ ಆಗಿಬಿಟ್ಟೆಯಾ?’ ಎಂದು ಮುನಿಸಿಕೊಂಡಳು. ‘ಅವಸರವಿದ್ದರೆ ಕರೆ ಮಾಡಕ್ಕ, ಎಷ್ಟು ಹೊತ್ತಾದರೂ ತೆಗೆಯುತ್ತೇನೆ’ ಎಂದೆ. ಈಗ ಅವಳು ಕರೆಯನ್ನೇ ಮಾಡುತ್ತಾಳೆ. ಸಂದೇಶಗಳಲ್ಲಿ ಹಲವು ದಿನ ಎಳೆದಾಡುತ್ತಿದ್ದ ಮಾತು ಒಂದು ಕರೆಯಲ್ಲಿ ಮುಗಿಯುತ್ತದೆ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗಿನ ಗಡಿಬಿಡಿಯನ್ನು ತಗ್ಗಿಸಿದ್ದು ಒಂದು ಸಣ್ಣ ರೂಢಿ. ಮೊದಲಿನ ಕೆಲಸದ ಮೇಲಿದ್ದ ಗಮನದಲ್ಲಿ ಒಂದಂಶ ಅಲ್ಲಿಯೇ ಉಳಿದು, ಹೊಸ ಕೆಲಸಕ್ಕೆ ಮನಸ್ಸು ಪೂರ್ತಿಯಾಗಿ ಬರುವುದಿಲ್ಲವೆಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಅದಕ್ಕಾಗಿ ಏಳುವ ಮುನ್ನ ‘ಇಲ್ಲಿಗೆ ನಿಂತಿದೆ, ಮುಂದೆ ಇದನ್ನು ಮಾಡಬೇಕು’ ಎಂದು ಒಂದು ಸಾಲು ಬರೆದಿಡುತ್ತೇನೆ. ಮನೆಯಲ್ಲಿ ಬೇಡದ ಸಾಮಾನು ಕಡಿಮೆ ಮಾಡುವುದರ ಬಗ್ಗೆ ಬಹಳ ಬರೆಯುವವರಿದ್ದಾರೆ; ನಾನೂ ಮಾಡಿದೆ, ಗುಡಿಸುವುದು ಸುಲಭವಾಯಿತು, ಅದಕ್ಕಿಂತ ಹೆಚ್ಚಿನದೇನೂ ನನಗೆ ಕಾಣಲಿಲ್ಲ.

ದೀರ್ಘ ಧ್ಯಾನವೂ ನನಗೆ ಒಗ್ಗಲಿಲ್ಲ. ಉಸಿರನ್ನು ನಿಧಾನಗೊಳಿಸುವುದು ಮಾತ್ರ ಒಗ್ಗಿತು. ಉಸಿರು ಒಳಗೆ ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ಏರಿ, ಹೊರಗೆ ಬಿಡುವಾಗ ತುಸು ಇಳಿಯುವುದು ದೇಹದ ಸಹಜ ಕ್ರಮ. ನಿಮಿಷಕ್ಕೆ ಸುಮಾರು 6 ಉಸಿರಿನ ವೇಗಕ್ಕೆ ಬಂದಾಗ ಈ ಏರಿಳಿತ ಹೆಚ್ಚು ಸ್ಪಷ್ಟವಾಗುತ್ತದೆ. ಕಷ್ಟದ ಕರೆಯೊಂದನ್ನು ಮಾಡುವ ಮುನ್ನ, ಬಿಡುವ ಉಸಿರನ್ನು ಎಳೆಯುವ ಉಸಿರಿಗಿಂತ ಉದ್ದ ಮಾಡಿ ಕೆಲವು ಸಲ ಉಸಿರಾಡುತ್ತೇನೆ. ಕೈ ನಡುಗುವುದು ನಿಲ್ಲುತ್ತದೆ, ದನಿ ಹಿಡಿತಕ್ಕೆ ಬರುತ್ತದೆ. ನನಗೆ ಅಷ್ಟು ಸಾಕು.

ಇವೆಲ್ಲಕ್ಕಿಂತ ಕಷ್ಟವಾದದ್ದು ಒಲ್ಲೆ ಎನ್ನುವುದು. ಸಂಕೋಚದ ಸ್ವಭಾವದವರು ಕೇಳಿದ ಕ್ಷಣದಲ್ಲಿ ಹೂಂ ಎಂದುಬಿಟ್ಟು ನಂತರ ವಾರಗಟ್ಟಲೆ ಒಳಗೇ ಕುದಿಯುತ್ತಾರೆ. ನಾನು ಆ ಗುಂಪಿಗೆ ಸೇರಿದವನಾದ್ದರಿಂದ, ಯಾರು ಏನು ಕೇಳಿದರೂ ಅಲ್ಲಿಯೇ ಉತ್ತರ ಕೊಡದೆ ‘ನಾಳೆ ಹೇಳುತ್ತೇನೆ’ ಎನ್ನುವ ನಿಯಮ ಮಾಡಿಕೊಂಡೆ. ರಾತ್ರಿ ಪುಸ್ತಕ ತೆರೆದು, ಆ ಕೆಲಸಕ್ಕೆ ಎಡಗಡೆ ಒಂದು ದಿನ ಬರೆಯಲು ಸಾಧ್ಯವೇ ಎಂದು ನೋಡುತ್ತೇನೆ. ದಿನ ಸಿಗದಿದ್ದರೆ ಉತ್ತರವೂ ಸಿಕ್ಕಿದಂತೆಯೇ. ಮರುದಿನ ‘ಈ ಸಲ ನನ್ನಿಂದ ಆಗುವುದಿಲ್ಲ’ ಎಂದು ಹೇಳುವಾಗ ಕಾರಣಗಳನ್ನು ಹೆಣೆಯುವುದಿಲ್ಲ. ಕಾರಣ ಕೊಟ್ಟಷ್ಟೂ ಕೇಳುವವರು ಅದಕ್ಕೊಂದು ಪರಿಹಾರ ಸೂಚಿಸುತ್ತಾರೆ.

ಹೊಸ ರೂಢಿ ನೆಲೆಗೊಳ್ಳಲು 21 ದಿನ ಸಾಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ; ಅದನ್ನು ನಂಬಿ ಹೊರಟವರು ನಡುವೆಯೇ ಕೈಚೆಲ್ಲುತ್ತಾರೆ. ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ರೂಢಿಯು ತಾನಾಗಿ ನಡೆಯುವಂತಾಗಲು ಹಿಡಿದ ಕಾಲ 18ರಿಂದ 254 ದಿನಗಳವರೆಗೆ ಹರಡಿತ್ತು, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೂ ಆಗಲಿಲ್ಲ. ಜ್ವರ ಬಂದ ವಾರ, ಮನೆಯಲ್ಲಿ ನೆಂಟರಿದ್ದ ವಾರ ನನ್ನ ಪುಸ್ತಕ ಖಾಲಿಯೇ ಇರುತ್ತದೆ. ಮುಂದಿನ ವಾರ ಹೊಸ ಪುಟದಿಂದ ಶುರು ಮಾಡುತ್ತೇನೆ, ಬಿಟ್ಟುಹೋದ ದಿನಗಳನ್ನು ತುಂಬಿಸಲು ಹೋಗುವುದಿಲ್ಲ.

ಈ ಕ್ರಮಗಳು ದಿನನಿತ್ಯದ ತಲೆಭಾರಕ್ಕೆ ಹೊಂದುವಂಥವು, ಕಾಯಿಲೆಗೆ ಮದ್ದಲ್ಲ. ಎರಡು ವಾರ ಮೀರಿ ದಿನವೂ ಮನಸ್ಸು ಕುಗ್ಗಿಯೇ ಇದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ನಿದ್ದೆ, ಹಸಿವು ಕೆಟ್ಟಿದ್ದರೆ ಪುಸ್ತಕ ಬರೆಯುತ್ತಾ ಕೂರದೆ ವೈದ್ಯರನ್ನು ಕಾಣಬೇಕು.

ವಾರಕ್ಕೊಮ್ಮೆ ಹಳೆಯ ಪುಟಗಳನ್ನು ತಿರುವಿಹಾಕುವುದು ಇತ್ತೀಚೆಗೆ ಸೇರಿಸಿಕೊಂಡದ್ದು. ಮತ್ತೆ ಮತ್ತೆ ಮುಂದಿನ ವಾರಕ್ಕೆ ದಾಟಿಸಿಕೊಂಡು ಬಂದ ಸಾಲುಗಳು ಆಗ ಕಣ್ಣಿಗೆ ಬೀಳುತ್ತವೆ. ಅಂಥ ಸಾಲನ್ನು ಇನ್ನೊಮ್ಮೆ ಹಾಗೆಯೇ ದಾಟಿಸುವುದಿಲ್ಲ: ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಚಿಕ್ಕ ತುಂಡೊಂದನ್ನು ಅದರಿಂದ ಕತ್ತರಿಸಿ ಅಂದೇ ಮಾಡುತ್ತೇನೆ, ಇಲ್ಲವೇ ಮಾಡಬಲ್ಲವರಿಗೆ ಒಪ್ಪಿಸುತ್ತೇನೆ, ಎರಡೂ ಆಗದಿದ್ದರೆ ಗೆರೆ ಎಳೆದು, ಕಾಯುತ್ತಿರುವವರಿದ್ದರೆ ಅವರಿಗೆ ತಿಳಿಸಿಬಿಡುತ್ತೇನೆ.