ಸೈಡ್ ವೀಲ್ ಸ್ಕೂಟರಿನ ಮುಂದಿನ ಫೋರ್ಕ್: ದೋಷ ಪತ್ತೆ ಮತ್ತು ದುರಸ್ತಿ

ದ್ವಿಚಕ್ರ ವಾಹನವು ತಿರುವಿನಲ್ಲಿ ವಾಲುವುದರಿಂದ ಅದರ ಮುಂಚಕ್ರದ ಭಾರವು ಬಹುಮಟ್ಟಿಗೆ ಫೋರ್ಕಿನ (ಮುಂಚಕ್ರವನ್ನು ಹಿಡಿದಿರುವ ಕವಲಿನ) ಪೈಪಿನ ಉದ್ದಕ್ಕೇ ಬೀಳುತ್ತದೆ. ವಿಕಲಚೇತನರ ಅನುಕೂಲಕ್ಕಾಗಿ ಹಿಂದೆ ಎರಡು ಸೈಡ್ ವೀಲ್ ಕಟ್ಟಿಸಿದ ಸ್ಕೂಟರ್ ಹಾಗೆ ವಾಲಲಾರದು. ಆದ್ದರಿಂದ ಪ್ರತಿ ತಿರುವಿನಲ್ಲಿಯೂ ನೆಲದ ಹಿಡಿತವು ಫೋರ್ಕನ್ನು ಅಡ್ಡಲಾಗಿ ಬಗ್ಗಿಸಲು ನೋಡುತ್ತದೆ. ಫೋರ್ಕಿನೊಳಗಿನ ಆಯಿಲ್ ಹೊರಬರದಂತೆ ತಡೆಯುವ ಆಯಿಲ್ ಸೀಲ್ ಬದಲಿಸಿದ ಕೆಲವೇ ದಿನಗಳಲ್ಲಿ ಮತ್ತೆ ಸೋರಿಕೆ ಕಾಣಿಸಿಕೊಂಡರೆ ಸೀಲಿನ ಗುಣಮಟ್ಟವನ್ನು ದೂರುವ ಮೊದಲು ಈ ಅಡ್ಡ ಒತ್ತಡವನ್ನು ಗಮನಿಸಬೇಕು.

2020ರಲ್ಲಿ ಬಂದ ಹೋಂಡಾ ಆಕ್ಟಿವಾ 6ಜಿಯಿಂದೀಚೆಗೆ ಆ ಸ್ಕೂಟರಿನಲ್ಲಿಯೂ ಟೆಲಿಸ್ಕೋಪಿಕ್ ಫೋರ್ಕ್, ಅಂದರೆ ಒಂದು ಪೈಪು ಇನ್ನೊಂದರೊಳಗೆ ಜಾರುವ ಬಗೆಯದು, ಇದೆ. ಟಿವಿಎಸ್ ಜುಪಿಟರಿನಲ್ಲಿ ಅದು ಮೊದಲಿನಿಂದಲೂ ಇತ್ತು. ಮೋಟರ್‌ಸೈಕಲ್ಲಿನಲ್ಲಿ ಪೈಪುಗಳನ್ನು ಮೇಲೊಂದು, ಕೆಳಗೊಂದು ಕ್ಲ್ಯಾಂಪ್ ಹಿಡಿದಿದ್ದರೆ, ಸ್ಕೂಟರಿನಲ್ಲಿ ಸಾಮಾನ್ಯವಾಗಿ ಕೆಳಗಿನದು ಮಾತ್ರವಿರುತ್ತದೆ. ಹೀಗಾಗಿ ಪೈಪು ಬಾಗುವುದಾದರೆ ಬಹುತೇಕ ಆ ಕ್ಲ್ಯಾಂಪಿನ ಕೆಳಗೇ ಬಾಗುತ್ತದೆ, ಬಿರುಕು ಬಿಡುವುದಾದರೂ ಅದರ ಆಸುಪಾಸಿನಲ್ಲಿಯೇ.

ಪರೀಕ್ಷೆಗೆ ಮುಂಚೆ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸೈಡ್ ವೀಲುಗಳು ಉರುಳದಂತೆ ಅಡ್ಡಗಲ್ಲು ಕೊಟ್ಟು, ಚಾಸಿಯ ಕೆಳಗೆ ಜಾಕ್ ಇಟ್ಟು ಮುಂಚಕ್ರವನ್ನು ಎತ್ತಬೇಕು. ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿದಾಗ ನಡುವೆ ಕಚ್ಚಿ ನಿಂತಂತಾದರೆ ಕೋನ್‌ಸೆಟ್ಟಿನಲ್ಲಿ (ಹ್ಯಾಂಡಲ್ ತಿರುಗುವ ಬೇರಿಂಗಿನಲ್ಲಿ) ಗುಂಡುಗಳು ಕುಳಿ ಮಾಡಿವೆ ಎಂದರ್ಥ. ಆಮೇಲೆ ಫೋರ್ಕಿನ ಕೆಳತುದಿಯನ್ನು ಎರಡೂ ಕೈಯಿಂದ ಹಿಡಿದು ಹಿಂದೆ ಮುಂದೆ ಅಲುಗಿಸಬೇಕು. ಈ ಹೊತ್ತಿನಲ್ಲಿ ಇನ್ನೊಬ್ಬರು ಬೆರಳಿಟ್ಟು ನೋಡುತ್ತಿದ್ದರೆ ಒಳ್ಳೆಯದು, ಏಕೆಂದರೆ ಕೈಗೆ ಸಿಗುವ ಪ್ಲೇ (ಸಡಿಲದ ಅಲುಗಾಟ) ಎರಡು ಕಡೆಗಳಿಂದಲೂ ಒಂದೇ ಬಗೆಯಾಗಿ ಬರುತ್ತದೆ: ಕಂಪನವು ಹ್ಯಾಂಡಲಿನ ಬುಡದಲ್ಲಿ ತಿಳಿದರೆ ಕೋನ್‌ಸೆಟ್ ಸಡಿಲ, ಪೈಪು ಬಾಟಮ್ (ಕೆಳಗಿನ ಹೊರಕೊಳವೆ) ಒಳಗೆ ಸೇರುವಲ್ಲಿ ತಿಳಿದರೆ ಒಳಗಿನ ಭಾಗ ಸವೆದಿದೆ. ಚಕ್ರವನ್ನು ಪಕ್ಕಕ್ಕೆ ಅಲುಗಿಸಿದಾಗ ಮಾತ್ರ ಪ್ಲೇ ಸಿಕ್ಕರೆ ಅದು ವೀಲ್ ಬೇರಿಂಗಿನ ದೋಷ, ಫೋರ್ಕಿನದಲ್ಲ.

ಪೈಪು ನೇರವಾಗಿದೆಯೇ ಎಂಬುದನ್ನು ಕಣ್ಣಳತೆಯಿಂದ ತೀರ್ಮಾನಿಸಬಾರದು. ಬಿಚ್ಚಿದ ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿದರೆ ದೊಡ್ಡ ಬಾಗು ಗೊತ್ತಾಗುತ್ತದೆ. ಸಣ್ಣ ಬಾಗಿಗೆ ಲೇತ್ ಅಂಗಡಿಯಲ್ಲಿ ವಿ-ಬ್ಲಾಕ್ (ವಿ ಆಕಾರದ ಆಸರೆ) ಮೇಲಿಟ್ಟು ತಿರುಗಿಸುತ್ತ, ಸಣ್ಣ ಏರಿಳಿತವನ್ನು ಮುಳ್ಳಿನಿಂದ ತೋರುವ ಡಯಲ್ ಗೇಜಿನಿಂದ ಅಳೆಸಬೇಕು. ಹಲವು ಸರ್ವಿಸ್ ಕೈಪಿಡಿಗಳಲ್ಲಿ ಮಿತಿ 0.2 ಮಿ.ಮೀ. ಇರುತ್ತದೆ, ಮತ್ತು ಗೇಜ್ ತೋರಿದ ಒಟ್ಟು ಏರಿಳಿತದ ಅರ್ಧವನ್ನು ಬಾಗು ಎಂದು ಎಣಿಸುವುದು ವಾಡಿಕೆ. ಒತ್ತಿ ಬೆಂಡ್ ತೆಗೆದುಕೊಡುವ ಅಂಗಡಿಗಳು ಊರೂರಿನಲ್ಲಿವೆ. ಆದರೂ ಅಡ್ಡ ಒತ್ತಡವನ್ನು ದಿನವೂ ತಿನ್ನುವ ಈ ವಾಹನಕ್ಕೆ ಹೊಸ ಪೈಪನ್ನೇ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕ್ಲ್ಯಾಂಪ್ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಲೇಬಾರದು.

ಸೀಲ್ ಬದಲಿಸುವಾಗ ಒಳಗಿನ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ ಎಂಬುದನ್ನು ಮರೆಯದೆ ಮೇಲಿನ ಬೋಲ್ಟನ್ನು ಮುಖಕ್ಕೆ ನೇರವಾಗಿ ಹಿಡಿಯದೆ ಬಿಚ್ಚಬೇಕು. ಕೆಳತುದಿಯ ಅಲೆನ್ ಬೋಲ್ಟಿಗೆ ಹೊಸ ವಾಷರ್ ಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಆಯಿಲ್ ಜಿನುಗುತ್ತದೆ. ಪೈಪಿನ ಮೇಲೆ ತುಕ್ಕಿನ ಚುಕ್ಕೆ ಅಥವಾ ಗೀರು ಸೀಲ್ ಓಡಾಡುವ ಜಾಗದಲ್ಲಿದ್ದರೆ ಹೊಸ ಸೀಲನ್ನೂ ಅದು ಹರಿದುಹಾಕುತ್ತದೆ. ಎರಡೂ ಕಡೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನು ಹೇಳಿದಷ್ಟೇ, ಅಳತೆಯ ಪಾತ್ರೆಯಿಂದ ತುಂಬಬೇಕು. ಸೋರಿದ ಆಯಿಲ್ ಬ್ರೇಕ್ ಶೂ ಅಥವಾ ಪ್ಯಾಡಿಗೆ ತಾಗಿದ್ದರೆ ಅದನ್ನು ಉಜ್ಜಿ ಉಳಿಸಿಕೊಳ್ಳುವ ಯೋಚನೆ ಬೇಡ. ಚಕ್ರ ಕೂರಿಸಿದ ಮೇಲೆ ಆಕ್ಸಲನ್ನು ಪೂರ್ತಿ ಬಿಗಿಯುವ ಮೊದಲು ವಾಹನವನ್ನು ಕೆಳಗಿಳಿಸಿ, ಫೋರ್ಕನ್ನು ಕೆಲವು ಸಲ ಒತ್ತಿ ಬಿಟ್ಟರೆ ಅದರ ಎರಡು ಕಾಲುಗಳೂ ತಿರುಚಿಕೊಳ್ಳದೆ ಸಮವಾಗಿ ಕೂರುತ್ತವೆ.

ಇಷ್ಟಾದರೂ ಮೂಲ ಕಾರಣವು ವಾಹನದ ಹಿಂಭಾಗದಲ್ಲಿಯೇ ಉಳಿದಿರಬಹುದು. ಒಂದು ಸೈಡ್ ವೀಲ್ ಇನ್ನೊಂದಕ್ಕಿಂತ ತಗ್ಗಾಗಿದ್ದರೆ ಅಥವಾ ಅದರಲ್ಲಿ ಗಾಳಿ ಕಡಿಮೆಯಿದ್ದರೆ ಸ್ಕೂಟರ್ ಸದಾ ಒಂದು ಬದಿಗೆ ಎಳೆಯುತ್ತದೆ. ಸವಾರನು ಹ್ಯಾಂಡಲನ್ನು ಎದುರು ದಿಕ್ಕಿಗೆ ಒತ್ತಿ ಹಿಡಿದೇ ಓಡಿಸಬೇಕಾಗುತ್ತದೆ. ಎರಡೂ ಚಕ್ರಗಳ ಎತ್ತರವನ್ನೂ, ಅವು ಮುಂಚಕ್ರದ ಸಾಲಿಗೆ ಸಮಾನಾಂತರವಾಗಿವೆಯೇ ಎಂಬುದನ್ನೂ ದಾರ ಹಿಡಿದು ನೋಡಿ, ಕಟ್ಟಿದ ಫ್ರೇಮಿನ ವೆಲ್ಡಿಂಗನ್ನೂ ಪರೀಕ್ಷಿಸಬೇಕು. ಹೊಸ ಕೋನ್‌ಸೆಟ್ ಹಾಕಿದ್ದರೆ ಅದು ಕೂರುವಾಗ ಸ್ವಲ್ಪ ಸಡಿಲವಾಗುವುದು ಸಹಜ. ಕೆಲವು ದಿನ ಓಡಿಸಿದ ನಂತರ ಮುಂಚಕ್ರವನ್ನು ಮತ್ತೊಮ್ಮೆ ಎತ್ತಿ ಪ್ಲೇ ನೋಡಿ ಬಿಗಿಗೊಳಿಸಬೇಕು.